ಹದಿನೆಂಟನೆಯ ಕೈ ಎತ್ತಿಸಿದ ಕೊಂಬಿನ ದುಂಬಿಯವರಿಗೆ

ಇವರಿಗೆ,
ಶ್ರೀಮಾನ್ ಕೊಂಬಿನ ದುಂಬಿಯವರು,
ಹಾಲಿನ ಸಂಘದ ಹಿಂದಿನ ತಿಪ್ಪೆ, ಎಡಮೂಲೆ,
ಹೊನ್ನೇಕೊಪ್ಪಲು, ಹೆಮ್ಮರಗಾಲದ ಹತ್ತಿರ,
ನಂಜನಗೂಡು ತಾಲ್ಲೂಕು.

ಮಾನ್ಯರೇ,

ತಮಗೂ, ತಮ್ಮ ತಲೆಯ ಮೇಲಿರುವ ಏಕಮಾತ್ರ ಕೊಂಬಿಗೂ, ಗೊಬ್ಬರದೊಳಗೆ ಹಾಯಾಗಿ ಸುರುಳಿ ಸುತ್ತಿಕೊಂಡಿರುವ ತಮ್ಮ ಬೆಳ್ಳಗಿನ ದಪ್ಪನೆಯ ಮಕ್ಕಳಿಗೂ ಹೊನ್ನೇಕೊಪ್ಪಲು ಮಹಿಳಾ ಹಾಲು ಉತ್ಪಾದಕರ ಸಂಘದ ಮೂವತ್ತಾರು ಸದಸ್ಯೆಯರ ಪರವಾಗಿ, ಅವರ ಐವತ್ತೆರಡು ಹಸು ಮತ್ತು ಹತ್ತೊಂಬತ್ತು ಎಮ್ಮೆಗಳ ಪರವಾಗಿ ನಮಸ್ಕಾರಗಳು. ನಾನು ಈ ಸಂಘದ ಕಾರ್ಯದರ್ಶಿ ಕೋಮಲ. ಆರು ವರ್ಷಗಳಿಂದ ಮೇಲಿನ ಕಚೇರಿಗಳಿಗೆ ಪತ್ರ ಬರೆದು ಉತ್ತರ ಕಾಣದೆ ಪಳಗಿರುವುದರಿಂದ, ತಾವೂ ಉತ್ತರಿಸದಿದ್ದರೆ ನಾನು ಹೊಸದಾಗಿ ನೊಂದುಕೊಳ್ಳುವುದಿಲ್ಲವೆಂದು ಮೊದಲೇ ತಿಳಿಸಿ, ತಮ್ಮ ಮನಸ್ಸಿನ ಭಾರವನ್ನು ಇಳಿಸಬಯಸುತ್ತೇನೆ.

ತಮ್ಮ ಮೇಲೆ ನನ್ನ ದೂರು ಇಷ್ಟೇ. ಕಳೆದ ಶ್ರಾವಣದ ಒಂದು ಸಂಜೆ ತಾವು ನೋಟೀಸಿಲ್ಲದೆ, ಸದಸ್ಯತ್ವವಿಲ್ಲದೆ, ಜನ್ಮದಲ್ಲಿ ಒಂದು ತೊಟ್ಟು ಹಾಲನ್ನೂ ಸಂಘಕ್ಕೆ ಹಾಕದೆ, ನಮ್ಮ ಸರ್ವಸದಸ್ಯರ ಸಭೆಗೆ ಗುಂಯ್ಯೆಂದು ಹಾರಿ ಬಂದು, ಟ್ಯೂಬ್‌ಲೈಟಿಗೆ ಢಿಕ್ಕಿ ಹೊಡೆದು, ಮಾದಮ್ಮನವರ ಕುತ್ತಿಗೆಯ ಹಿಂದೆ ಆಸೀನರಾದಿರಿ. ಅದರ ಫಲವಾಗಿ ನಾನು ಎರಡು ತಿಂಗಳು ಪೆನ್ನು ಮುಟ್ಟಲಿಲ್ಲ, ಮಾದಮ್ಮನವರು ಎರಡು ತಿಂಗಳು ದಾರಿ ಸುತ್ತಿದರು, ಇಡೀ ಊರು ಎರಡು ತಿಂಗಳು ತಮಗೆ ಹಲ್ಲಿದೆಯೋ ಇಲ್ಲವೋ ಎಂದು ಜಗಳವಾಡಿತು. ತಾವು ಮಾತ್ರ ಏನೂ ಆಗದವರಂತೆ ತಿಪ್ಪೆಗೆ ಹಿಂತಿರುಗಿದಿರಿ. ತಮ್ಮ ಗೈರುಹಾಜರಿಯಲ್ಲಿ ನಡೆದದ್ದನ್ನೆಲ್ಲ ತಮಗೆ ಬಿನ್ನವಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಆ ದಿನ ಸಭೆ ಸೇರಿದ್ದು ಒಂದು ಯಂತ್ರದ ಮುಖದ ಬಗ್ಗೆ. ಹಾಲಿನ ಜಿಡ್ಡು ಅಳೆದು ದರ ಗೊತ್ತುಮಾಡುವ ನಮ್ಮ ಯಂತ್ರಕ್ಕೆ ಕೆಂಪು ಅಂಕಿ ಮೂಡುವ ಒಂದು ಪುಟ್ಟ ಕಿಟಕಿ ಇದೆ. ಆ ಕಿಟಕಿ ಆರು ವರ್ಷಗಳಿಂದ ಗೋಡೆಯ ಕಡೆಗೆ ಮುಖಮಾಡಿ ಕೂತಿತ್ತು. ಗೋಡೆಗೂ ಯಂತ್ರಕ್ಕೂ ನಡುವೆ ನಮ್ಮ ಅಧ್ಯಕ್ಷೆ ರಾಣಿಯವರ ಪತಿ ಶಂಭುಲಿಂಗಪ್ಪನವರು ಕೂರುತ್ತಿದ್ದರು. ನಮ್ಮದು ಮಹಿಳಾ ಸಂಘವಾದ್ದರಿಂದ ಅವರು ಅಧ್ಯಕ್ಷರ ಕುರ್ಚಿಯಲ್ಲಿ ಎಂದೂ ಕೂತವರಲ್ಲ. ಅದರ ಪಕ್ಕದಲ್ಲಿ, ಅದಕ್ಕಿಂತ ಒಂದು ಗೇಣು ಎತ್ತರದ ಇನ್ನೊಂದು ಕುರ್ಚಿ ಹಾಕಿಸಿಕೊಂಡಿದ್ದರು. ಹೆಂಡತಿಗೆ ನೆರವಾಗಲೆಂದು ಅವರೇ ಯಂತ್ರ ನೋಡಿ ಅಂಕಿ ಕೂಗುವುದು, ಕೂಗಿದ್ದನ್ನು ನಾನು ಬರೆದುಕೊಳ್ಳುವುದು. ಹಿಂಡಿ ತಿಂದ ಹಸುವಿಗೂ ಬರೀ ಒಣಹುಲ್ಲು ತಿಂದ ಹಸುವಿಗೂ ಅವರ ಬಾಯಲ್ಲಿ ‘ಮೂರು ಪಾಯಿಂಟ್ ಎರಡೇ’. ಅವರ ಮನೆಯ ಹಸುವಿನ ಹಾಲು ಮಾತ್ರ ಮಳೆ, ಬಿಸಿಲು, ಕಾಲುಬಾಯಿ ರೋಗ ಯಾವುದನ್ನೂ ಲೆಕ್ಕಿಸದೆ ‘ನಾಲ್ಕು ಪಾಯಿಂಟ್ ಎಂಟು’. ಕಾಣದ ಅಂಕಿಯನ್ನು ಆರು ವರ್ಷ ದುಂಡಾದ ಅಕ್ಷರದಲ್ಲಿ ಬರೆದವಳು ನಾನೇ ಎಂಬುದನ್ನು ಇಲ್ಲಿ ಮರೆಮಾಚುವುದಿಲ್ಲ. ತಾವು ಕೇಳುವುದಿಲ್ಲವೆಂಬ ಧೈರ್ಯದಿಂದ ಹೇಳುತ್ತಿದ್ದೇನೆ.

ಯಂತ್ರವನ್ನು ನಮ್ಮ ಕಡೆಗೆ ತಿರುಗಿಸಬೇಕೆಂಬ ಠರಾವನ್ನು ಮಂಡಿಸಿದವಳು ಪವಿತ್ರಾ. ಎರಡು ಹಸು ಕಟ್ಟಿರುವ, ಬಾಯಿ ಸ್ವಲ್ಪ ಜೋರಿರುವ ಹುಡುಗಿ.

“ತಿರುಗಿಸೋಕೆ ಸ್ಕ್ರೂ ಕೂಡ ಬೇಡ ಕಣ್ರೀ,” ಎಂದಳು. “ಇಂಗೆ ಹಿಡ್ಕೊಂಡು ಅಂಗೆ ತಿರುಗಿಸಿದ್ರೆ ಆಯ್ತು.”

ಶಂಭುಲಿಂಗಪ್ಪನವರು ಯಂತ್ರದ ತಲೆ ನೇವರಿಸುತ್ತ, “ಅಂಗೆಲ್ಲ ಗಾಳಿಗೆ ಮುಖ ಕೊಟ್ರೆ ಮಿಶಿನ್ನು ಕೆಟ್ಟೋಯ್ತದೆ ಕಣಮ್ಮಿ. ಗೋಡೆ ಕಡೆನೇ ಬೆಚ್ಚಗಿರ್ಲಿ ಬುಡಿ,” ಎಂದರು.

ಕೈ ಎತ್ತುವ ಮತ. ಮೊದಲು ಬೇಡವೆನ್ನುವವರು ಎತ್ತಿದರು. ಹದಿನೇಳು. ಇವರಿಗೆ ಯಂತ್ರದ ಮುಖ ನೋಡಲು ಇಷ್ಟವಿರಲಿಲ್ಲವೆಂದು ತಾವು ತಿಳಿಯಬಾರದು. ಇವರ ಮನೆಗಳ ನೀರು ಶಂಭುಲಿಂಗಪ್ಪನವರ ಬೋರ್‌ವೆಲ್ಲಿನಿಂದ ಬರುತ್ತಿತ್ತು. ಆಮೇಲೆ ಬೇಕೆನ್ನುವವರು. ಅದೂ ಹದಿನೇಳು. ಸಮವಾದರೆ ಅಧ್ಯಕ್ಷರ ಮತವೇ ಅಂತಿಮ, ಅಧ್ಯಕ್ಷರ ಮತವೆಂದರೆ ಅವರ ಪಕ್ಕದ ಎತ್ತರದ ಕುರ್ಚಿಯ ಮತ. ಶಂಭುಲಿಂಗಪ್ಪನವರು ಆಗಲೇ ಎಲೆಯಡಿಕೆ ಮಡಿಸತೊಡಗಿದ್ದರು. ಎರಡೂ ಬಾರಿ ಕೈ ಎತ್ತದೆ ಉಳಿದವರು ಒಬ್ಬರೇ, ಕೊನೆಯ ಸಾಲಿನ ಮಾದಮ್ಮನವರು.

ಮಾದಮ್ಮನವರಿಗೆ ಐವತ್ತೈದು ದಾಟಿದೆ. ಗಂಡ ತೀರಿಕೊಂಡು ಬಹಳ ದಿನವಾಯಿತು. ಒಂದು ಎಮ್ಮೆ, ಒಂದು ಹಸು. ಸಂಘ ಶುರುವಾದಾಗಿನಿಂದ ಎಲ್ಲ ಸಭೆಗಳಿಗೂ ಬಂದಿದ್ದಾರೆ, ಯಾವ ಸಭೆಯಲ್ಲೂ ಕೈ ಎತ್ತಿಲ್ಲ. ಅವರ ದನಗಳು ಮೇಯಲು ಹೋಗುವ ಓಣಿ ಶಂಭುಲಿಂಗಪ್ಪನವರ ಹೊಲದ ಅಂಚಿನಲ್ಲಿದೆ. ಅದಕ್ಕೇ ಅವರ ಎರಡು ಕೈಗಳೂ ಸದಾ ಮಡಿಲಲ್ಲೇ ಇರುತ್ತಿದ್ದವು.

ನಾನು ಹದಿನೇಳನ್ನು ಇನ್ನೊಮ್ಮೆ ಎಣಿಸುತ್ತಿದ್ದೆ, ಎತ್ತಿದವರ ಕೈಗಳು ಇನ್ನೂ ಮೇಲೇ ಇದ್ದವು. ಆಗ ತಮ್ಮ ಆಗಮನವಾಯಿತು. ಟ್ಯೂಬ್‌ಲೈಟು ಟಣ್ ಎಂದಿತು, ತಾವು ಬಿದ್ದಿರಿ, “ಅಯ್ಯಯ್ಯೋ ನಂಜುಂಡಪ್ಪಾ!” ಎಂದು ಮಾದಮ್ಮನವರು ಚೀರಿದರು, ಅವರ ಬಲಗೈ ಬಳೆಸಮೇತ ನೆಟ್ಟಗೆ ಮೇಲಕ್ಕೆ ಹೋಯಿತು. ಇಡೀ ಸಭೆ ಸೀರೆ ಎತ್ತಿಕೊಂಡು ಬೆಂಚು ಹತ್ತುತ್ತಿದ್ದಾಗ, ನನಗೆ ಯಾವ ದೇವರು ಬುದ್ಧಿ ಕೊಟ್ಟನೋ ಕಾಣೆ, ತಲೆ ತಗ್ಗಿಸಿ ನಡಾವಳಿ ಪುಸ್ತಕದಲ್ಲಿ ‘ಪರವಾಗಿ: ಹದಿನೆಂಟು’ ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದು ಅಡಿಗೆರೆ ಎಳೆದುಬಿಟ್ಟೆ.

“ಏನಮ್ಮಾ ಕೋಮಲಾ, ಬರಕೋಬ್ಯಾಡ! ಅದು ಓಟಲ್ಲ, ಉಳ ಕಚ್ಚಿದ್ದು!” ಎಂದು ಶಂಭುಲಿಂಗಪ್ಪನವರು ಎದ್ದು ನಿಂತರು.

“ಬರೆದಾಯ್ತು ಸಾ,” ಎಂದೆ.

“ಒಡ್ದಾಕು!”

“ನಡಾವಳಿ ಪುಸ್ತಕದಲ್ಲಿ ಹೊಡೆದು ಹಾಕುವಂತಿಲ್ಲ ಸಾ. ನೀವೇ ಹೇಳಿಕೊಟ್ಟದ್ದು.”

ಮಾನ್ಯರೇ, ಹಾಗೆಂದು ಮೇಜಿನ ಮೇಲಿನ ಮಸಿ ಕುಡಿಕೆಯ ಮುಚ್ಚಳವನ್ನು ಟಕ್ಕೆಂದು ಮುಚ್ಚಿದೆ. ಅದಕ್ಕಿಂತ ಮುಂಚೆ ಆರು ವರ್ಷ ಅದು ಒಮ್ಮೆಯೂ ಹಾಗೆ ಸದ್ದು ಮಾಡಿರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ.

ಮೂರನೆಯ ದಿನ ಮೇಲಿನ ಕಚೇರಿಗೆ ದೂರು ಹೋಯಿತು. ಅದರಲ್ಲಿ ತಮ್ಮನ್ನು ‘ಅತ್ಯಂತ ವಿಷಪೂರಿತವೂ ಪ್ರಾಣಾಂತಿಕವೂ ಆದ ಕೊಂಬುಳ್ಳ ಕೀಟ’ ಎಂದು ಬಣ್ಣಿಸಲಾಗಿತ್ತು. ತಮ್ಮ ಜೀವಮಾನದಲ್ಲಿ ಇಷ್ಟು ದೊಡ್ಡ ಬಿರುದನ್ನು ಯಾರೂ ಕೊಟ್ಟಿರಲಾರರು, ಅಭಿನಂದನೆಗಳು. ಹುಳು ಕಚ್ಚಿದ ನೋವಿಗೆ ಎದ್ದ ಕೈ ಮತವಾಗಲಾರದು, ಆದ್ದರಿಂದ ಹದಿನೆಂಟನ್ನು ಹದಿನೇಳು ಮಾಡಬೇಕು, ಮೇಲಾಗಿ ಆ ಹುಳುವನ್ನು ಕಾರ್ಯದರ್ಶಿಯೇ ಸೆರಗಿನಲ್ಲಿ ಬಚ್ಚಿಟ್ಟು ತಂದು ಹಾರಿಸಿದ್ದಾರೆ ಎಂದೂ ಬರೆದಿದ್ದರು. ವಿಚಾರಣೆ ಮುಗಿಯುವವರೆಗೆ ಯಂತ್ರ ಇದ್ದಂತೆಯೇ ಇರತಕ್ಕದ್ದು, ಕಾರ್ಯದರ್ಶಿ ಪೆನ್ನು ಮುಟ್ಟತಕ್ಕದ್ದಲ್ಲ ಎಂಬ ಆದೇಶ ಬಂತು. ಆರೋಪ ನಿಜವಾದರೆ ನನ್ನ ಕೆಲಸ ಹೋಗುತ್ತಿತ್ತು. ಅದೇ ವಾರ ಮಾದಮ್ಮನವರ ಓಣಿಗೆ ಜಾಲಿಮುಳ್ಳಿನ ಬೇಲಿ ಬಿತ್ತು. ಅವರು ಎಮ್ಮೆ ಹಸುಗಳನ್ನು ಹೊಡೆದುಕೊಂಡು ಕೆರೆಏರಿಯ ಮೇಲೆ ಸುತ್ತಿ ಹೋಗತೊಡಗಿದರು. ನನ್ನ ಮನೆಯ ಮುಂದೆಯೇ ಹಾದು ಹೋಗುವರು. ನಾನು ಬಾಗಿಲ ಮರೆಯಲ್ಲಿ ನಿಂತು ನೋಡುವೆ. ‘ಆ ಕೈ ನಿಜಕ್ಕೂ ಮತವೋ, ಹುಳುವಿನ ಭಯವೋ?’ ಎಂದು ಒಂದೇ ಒಂದು ಮಾತು ಅವರನ್ನು ಕೇಳಬಹುದಿತ್ತು. ಕೇಳಲಿಲ್ಲ. ‘ಭಯ’ ಎಂದುಬಿಟ್ಟರೆ ಏನು ಗತಿ ಎಂಬ ಭಯ.

ಇತ್ತ ಊರಿನಲ್ಲಿ ತಮ್ಮ ಕೀರ್ತಿ ದಿನೇದಿನೇ ಹಬ್ಬಿತು. ತಾವು ಕಚ್ಚುವಿರಿ ಎಂದು ಸಾಬೀತಾದರೆ ಶಂಭುಲಿಂಗಪ್ಪನವರಿಗೆ ಗೆಲುವು, ಕಚ್ಚಲಾರಿರಿ ಎಂದಾದರೆ ನಮಗೆ. ಹಾಗಾಗಿ ನಿನ್ನೆಯವರೆಗೆ ತಮ್ಮನ್ನು ಕಂಡರೆ ಪೊರಕೆ ಹುಡುಕುತ್ತಿದ್ದ ಹೆಂಗಸರೆಲ್ಲ “ಬಂಗಾರದಂಥ ಉಳ ಕಣ್ರೀ, ಒಂದು ಮಾತಾಡಲ್ಲ” ಎನ್ನತೊಡಗಿದರು. ಪವಿತ್ರಾ ತಮ್ಮ ಬಂಧುವೊಬ್ಬರನ್ನು ಜಡೆಗೆ ಸಿಕ್ಕಿಸಿಕೊಂಡು ಹಾಲು ಹಾಕಲು ಬಂದಳು, ಮಲ್ಲಿಗೆಯ ಪಕ್ಕದಲ್ಲಿ ತಮ್ಮವರು ಕರ್ರಗೆ ಹೊಳೆಯುತ್ತಿದ್ದರು. ಜನ್ಮದಲ್ಲಿ ಹುಳುವಿಗೆ ಹೆದರದ ಶಂಭುಲಿಂಗಪ್ಪನವರು ಮಾತ್ರ ತಮ್ಮನ್ನು ಕಂಡೊಡನೆ ಮೂರು ಮಾರು ದೂರ ಜಿಗಿಯುವುದನ್ನು ಅಭ್ಯಾಸ ಮಾಡಿಕೊಂಡರು. ಒಂದು ದಿನ ಹೆಬ್ಬೆರಳಿಗೆ ಕೋಡುಬಳೆ ಗಾತ್ರದ ಪಟ್ಟಿ ಸುತ್ತಿಕೊಂಡು ಬಂದು, “ಇದೇ ಉಳ ಕಚ್ಚಿದ್ದು, ಮೂಳೆ ಮುಟ್ಬುಟ್ಟದೆ,” ಎಂದು ಕಂಡಕಂಡವರಿಗೆ ತೋರಿಸಿದರು. ಆ ಬೆರಳು ಎಳನೀರು ಕೆತ್ತುವಾಗ ಮಚ್ಚಿಗೆ ಸಿಕ್ಕಿದ್ದೆಂದು ಅವರ ಮನೆಯ ಹಿತ್ತಲಿಗೆ ಗೊತ್ತಿತ್ತು, ಹಿತ್ತಲಿಂದ ಊರಿಗೆ ಗೊತ್ತಾಯಿತು.

ತಿಳಿದವರ ಮಾತು ಬೇಕೆನಿಸಿ ನಾನು ತಿ. ನರಸೀಪುರಕ್ಕೆ ಹೊರಟೆ. ಅಲ್ಲಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ರಂಜನಿ ಮೇಡಂ ಇದ್ದಾರೆಂದು ಪವಿತ್ರಾ ವಿಳಾಸ ಕೊಟ್ಟಿದ್ದಳು. ತಮ್ಮನ್ನು, ಅಥವಾ ತಮ್ಮಂತೆಯೇ ಗಂಭೀರರಾಗಿದ್ದ ತಮ್ಮ ಸೋದರರೊಬ್ಬರನ್ನು, ತೂತು ಕೊರೆದ ಟಿಫನ್ ಡಬ್ಬಿಯಲ್ಲಿ ಗೊಬ್ಬರದ ಹಾಸಿಗೆ ಹಾಸಿ ಕೂರಿಸಿ ನಂಜನಗೂಡಿನಲ್ಲಿ ಬಸ್ಸು ಹತ್ತಿದೆ. ಹದಿನಾರು ಗ್ರಾಮ ದಾಟುವಷ್ಟರಲ್ಲಿ ಡಬ್ಬಿಯೊಳಗೆ ಗರಗರ ಶುರುವಾಯಿತು.

“ಏನಮ್ಮಾ ಅದು?” ಎಂದ ಕಂಡಕ್ಟರು.

“ಸಾಕ್ಷಿ,” ಎಂದೆ.

ಅವನು ಮತ್ತೆ ನನ್ನ ಸೀಟಿನ ಕಡೆಗೆ ಸುಳಿಯಲಿಲ್ಲ. ಪಕ್ಕದಲ್ಲಿ ಕೂತಿದ್ದವರು ಸುತ್ತೂರಿಗೆ ಟಿಕೆಟ್ ತೆಗೆಸಿದ್ದವರು, ನಡುವೆಯೇ ಇಳಿದುಕೊಂಡರು. ಅವರ ಕ್ಷಮೆಯನ್ನೂ ತಮ್ಮ ಮೂಲಕವೇ ಕೇಳುತ್ತಿದ್ದೇನೆ.

ರಂಜನಿ ಮೇಡಂ ತಮ್ಮ ಸೋದರರನ್ನು ಬರಿಗೈಯಲ್ಲಿ ಎತ್ತಿ, ಮಗುಚಿ ನೋಡಿದರು.

“ಇದು ಕಚ್ಚೋದಿಲ್ಲಮ್ಮ. ಕುಟುಕೋದೂ ಇಲ್ಲ, ವಿಷವೂ ಇಲ್ಲ. ಇದರ ಬಾಯಿ ಇರೋದು ತೆಂಗಿನ ಸುಳಿ ಅಗಿಯೋಕೆ. ಈ ಕೊಂಬು ಗಂಡು ಗಂಡಿನ ಜೊತೆ ಗುದ್ದಾಡೋಕೆ. ಆದರೆ ಕಾಲುಗಳಲ್ಲಿ ಮುಳ್ಳಿದೆ ನೋಡಿ, ಗಟ್ಟಿಯಾಗಿ ಹಿಡ್ಕೊಂಡ್ರೆ ಚುಚ್ಚಿದ ಹಾಗಾಗುತ್ತೆ. ಜನ ಅದನ್ನೇ ಕಚ್ತು ಅಂತಾರೆ.”

“ಹಾಗಾದರೆ ಯಾವ ದುಂಬಿಯೂ ಕಚ್ಚೋದಿಲ್ಲ ಅಂತ ಬರೆದು ಕೊಡ್ತೀರಾ ಮೇಡಂ?”

“ಅದು ಹೇಗಾಗುತ್ತೆ? ದೊಡ್ಡ ದವಡೆ ಇರೋವು ಕೆಲವಿದಾವೆ, ಬೆರಳು ಕೊಟ್ರೆ ಚಿವುಟ್ತಾವೆ. ಇನ್ನು ಕೆಲವು ಸಣ್ಣವು, ಮೈಮೇಲೆ ಜಜ್ಜಿದ್ರೆ ಅವುಗಳ ರಸಕ್ಕೆ ಬೊಬ್ಬೆ ಏಳುತ್ತೆ, ಅಂಥವನ್ನ ಊದಿ ಓಡಿಸಬೇಕು. ನಾನು ಈ ಒಬ್ಬರ ಬಗ್ಗೆ ಮಾತ್ರ ಹೇಳಬಲ್ಲೆ.”

ಸತ್ಯಕ್ಕೆ ಇಷ್ಟೊಂದು ಬಾಲಗಳಿರುವುದು ನನಗೆ ಬೇಸರವಾಯಿತಾದರೂ, ವಿಚಾರಣೆಯ ದಿನ ಖುದ್ದಾಗಿ ಬಂದು ಹೇಳುವುದಾಗಿ ಅವರು ಒಪ್ಪಿಕೊಂಡರು. ಕಾಫಿ ಕೊಟ್ಟರು. ತಮ್ಮ ಸೋದರರಿಗೆ ಬಾಳೆಹಣ್ಣಿನ ಚೂರು ಕೊಟ್ಟರು. ಅವರು ತಿಂದ ರೀತಿಯಲ್ಲಿ ಅಪಾರ ನಿರಪರಾಧಿತನ ಕಾಣುತ್ತಿತ್ತು.

ವಿಚಾರಣೆಗೆ ಬಂದವರು ಚಿರಂತನ ಎಂಬ ಅಧಿಕಾರಿ. ತಿ. ನರಸೀಪುರದಲ್ಲಿ ಕೆಲಸ, ನಮ್ಮ ತಾಲ್ಲೂಕು ಅವರಿಗೆ ಹೆಚ್ಚುವರಿ ಹೊರೆ. ತೆಳ್ಳಗಿನ ಯುವಕರು, ಇಸ್ತ್ರಿಯ ಗೆರೆ ಮುರಿಯದ ಅಂಗಿ, ಪ್ರತಿ ವಾಕ್ಯವನ್ನೂ ಎರಡು ಸಲ ಓದುವ ಅಭ್ಯಾಸ. ಬೆಳಿಗ್ಗೆ ಹನ್ನೊಂದಕ್ಕೆ ಸಂಘದ ಕೊಠಡಿ ಕಿಕ್ಕಿರಿದಿತ್ತು. ಶಂಭುಲಿಂಗಪ್ಪನವರು ಹೆಬ್ಬೆರಳನ್ನು ಮೇಜಿನ ಮೇಲೆ ದಾಖಲೆಯಂತೆ ಇಟ್ಟುಕೊಂಡಿದ್ದರು. ಪಕ್ಕದಲ್ಲಿ ರಾಣಿಯವರು ಎಂದಿನಂತೆ ನೆಲ ನೋಡುತ್ತ ಕೂತಿದ್ದರು. ಆರು ವರ್ಷದ ಅಧ್ಯಕ್ಷಗಿರಿಯಲ್ಲಿ ಸಭೆಯಲ್ಲಿ ಅವರ ದನಿ ಕೇಳಿದವರಿಲ್ಲ.

ರಂಜನಿ ಮೇಡಂ ತಮ್ಮ ಪರವಾಗಿ ಮಾತಾಡಿದರು. ನನ್ನ ಮೇಲಿನ ಆರೋಪದ ಬಗ್ಗೆ ಕೇಳಿದಾಗ, “ತಿಪ್ಪೆ ಪಕ್ಕದಲ್ಲೇ ದೀಪ ಹಾಕಿದ್ದೀರಿ. ಸಂಜೆ ದೀಪ ಹತ್ತಿದ್ರೆ ಇವು ಬರೋಕೆ ಯಾರ ಸೆರಗೂ ಬೇಡ,” ಎಂದರು. ಅಲ್ಲಿಗೆ ನನ್ನ ಕೆಲಸ ಉಳಿಯಿತು ಎಂದುಕೊಂಡು ನಾನು ಉಸಿರು ಬಿಟ್ಟೆ. ಪೂರ್ತಿ ಬಿಟ್ಟಿರಲಿಲ್ಲ, ಅಷ್ಟರಲ್ಲಿ ಚಿರಂತನ ಅವರು, “ಕಚ್ಚೋದಿಲ್ಲ ಅನ್ನೋದನ್ನ ನಾನೇ ಖುದ್ದು ಪರೀಕ್ಷಿಸಬೇಕಾಗುತ್ತೆ,” ಎಂದು ಅಂಗೈ ಚಾಚಿದರು.

ಮೇಡಂ ತಮ್ಮ ಸೋದರರನ್ನು ಆ ಅಂಗೈ ಮೇಲೆ ಇಟ್ಟರು. ಅಧಿಕಾರಿಗಳ ಮುಖ ಹಾಲಿನ ಬಣ್ಣಕ್ಕೆ ತಿರುಗಿತು, ಆದರೂ ಅಲುಗಲಿಲ್ಲ. ತಮ್ಮ ಸೋದರರು ಒಂದು ಕ್ಷಣ ಯೋಚಿಸಿ, ಮಣಿಕಟ್ಟಿನ ಕಡೆಗೆ ನಡೆದು, ಗಡಿಯಾರ ದಾಟಿ, ಇಸ್ತ್ರಿಯ ತೋಳಿನೊಳಗೆ ನುಗ್ಗಿದರು. ಮೊಣಕೈ ತನಕ ಅಧಿಕಾರ ತಡೆಯಿತು. ಅಲ್ಲಿಂದಾಚೆಗೆ ತಡೆಯಲಿಲ್ಲ. “ಅಮ್ಮಾ!” ಎಂದು ಚಿರಂತನ ಅವರು ಕುರ್ಚಿ ಬಿಟ್ಟೆದ್ದರು. ಅವರ ಎರಡೂ ಕೈಗಳು ಸೂರಿನತ್ತ ಹೋದವು.

“ನೋಡಿ! ನೋಡಿ! ಸಾಹೇಬ್ರೇ ಕೈ ಎತ್ತವ್ರೆ! ಎರಡು!” ಎಂದು ಶಂಭುಲಿಂಗಪ್ಪನವರು ಕುಣಿದಾಡಿದರು. ಆ ಸಂಭ್ರಮದಲ್ಲಿ ಹೆಬ್ಬೆರಳಿನಿಂದ ತಾಳ ಹಾಕಿದ್ದು ಅವರ ಗಮನಕ್ಕೆ ಬರಲಿಲ್ಲ.

ಪವಿತ್ರಾ ಬೆಂಚಿನ ಕೆಳಗೆ ಬಿದ್ದು ನಗುತ್ತಿದ್ದಳು. ಮೇಡಂ ತೋಳಿನಿಂದ ತಮ್ಮ ಸೋದರರನ್ನು ಬಿಡಿಸಿಕೊಂಡು, “ಕಚ್ತಾ ಸರ್?” ಎಂದರು.

“ಇಲ್ಲ ಮೇಡಂ,” ಎಂದು ಅಧಿಕಾರಿಗಳು ಬೆವರು ಒರೆಸಿಕೊಂಡರು. ಪ್ರಾಮಾಣಿಕರು. “ಕಚಗುಳಿ ಇಟ್ಟ ಹಾಗಾಯ್ತು. ಆದರೆ ಕೈ ಮಾತ್ರ ನಾನು ಎತ್ತಿದ್ದಲ್ಲ.” ಕೂತು, ನೀರು ಕುಡಿದು, ಬರೆದು, ಎರಡು ಸಲ ಓದಿದರು: “ಸದರಿ ದುಂಬಿಯು ಕಚ್ಚುವುದಿಲ್ಲ. ಕಚ್ಚದಿದ್ದರೂ ಕೈ ಏಳುತ್ತದೆ.”

ಮಾನ್ಯರೇ, ನಮ್ಮ ನಗು ಅಲ್ಲಿಗೆ ನಿಂತುಹೋಯಿತು. ಎರಡು ತಿಂಗಳು ತಮ್ಮ ಬಾಯಿಯ ನಿರಪರಾಧಿತನವನ್ನು ಸಾಬೀತು ಮಾಡಲು ಹೆಣಗಿದ ನಾವು, ತಮಗೆ ಕಾಲುಗಳಿರುವುದನ್ನೇ ಮರೆತಿದ್ದೆವು. ಆರು ಕಾಲು! ಹದಿನೆಂಟು ಹದಿನೇಳಾಯಿತು ಎಂದು ನಾನು ಮನಸ್ಸಿನಲ್ಲೇ ಹೊಡೆದುಹಾಕತೊಡಗಿದ್ದೆ.

ಆಗ ಅಧಿಕಾರಿಗಳು ತಲೆಯೆತ್ತಿ, “ಮಾದಮ್ಮ ಅನ್ನೋರು ಎಲ್ಲಿ? ಅವರ ಹೇಳಿಕೆ ಯಾಕೆ ಕಡತದಲ್ಲಿ ಇಲ್ಲ?” ಎಂದರು.

ತಮ್ಮ ಬಾಯಿ, ಕಾಲು, ಕೊಂಬು, ವಂಶ ಎಲ್ಲವನ್ನೂ ವಿಚಾರಿಸಿದ್ದ ನಾವು, ಕೈ ಯಾರದೋ ಅವರನ್ನೇ ಕೇಳಿರಲಿಲ್ಲ. ಕೊನೆಯ ಸಾಲಿನಿಂದ ಮಾದಮ್ಮನವರು ಎದ್ದು ಬಂದರು. ಕೆರೆಏರಿಯ ಕೆಮ್ಮಣ್ಣು ಇನ್ನೂ ಕಾಲಲ್ಲಿತ್ತು.

“ನಿಮ್ಮ ಕೈ ಹುಳ ಎತ್ತಿಸಿದ್ದಾ, ನೀವು ಎತ್ತಿದ್ದಾ?”

“ಎತ್ತಿಸಿದ್ದು ಉಳನೇ ಸಾ,” ಎಂದರು ಮಾದಮ್ಮನವರು. “ಸುಳ್ಯಾಕ್ ಏಳ್ಲಿ. ಏನೋ ಬೆನ್ ಮ್ಯಾಲೆ ಬಿತ್ತು, ಕೈ ಮ್ಯಾಕೋಯ್ತು. ಎಡಗೈನಾಗ ಉಳವ ತಗ್ದು ಎಸ್ದೆ. ಬಲಗೈ ಇನ್ನೂ ಮ್ಯಾಲೇ ಇತ್ತು. ಇಳಿಸ್ಬೇಕು ಅಂತ ನೋಡ್ತೀನಿ, ನಂ ಶಂಭುಲಿಂಗಪ್ಪನೋರು ಇಂಗೆ, ಇಂಗೆ, ಇಳ್ಸು ಇಳ್ಸು ಅಂತ ಕೈಯಾಡಿಸ್ತಾವ್ರೆ. ಎಲ್ರೂ ಉಳ ನೋಡ್ತಾವ್ರೆ, ಅವರೊಬ್ರು ನನ್ ಕೈಯ ನೋಡ್ತಾವ್ರೆ. ನನ್ ಕೈಯ ಯಾರೂ ಅಂಗೆ ನೋಡಿರ್ನಿಲ್ಲ ಸಾ. ಇದರಾಗ ಏನೋ ಅದ ಅನ್ನುಸ್ತು.” ಆ ಬಲಗೈಯನ್ನೇ ಒಮ್ಮೆ ನೋಡಿಕೊಂಡು ಹೇಳಿದರು: “ಎತ್ತಿದ್ದು ಉಳ. ಇಳಿಸ್ದೆ ಇದ್ದದ್ದು ನಾನು.”

“ಎಷ್ಟು ಹೊತ್ತು ಇಳಿಸಲಿಲ್ಲ?”

“ಕೋಮಲವ್ವ ಬರ್ದು ಗೀಟ್ ಎಳಿಯೋಗಂಟ.”

ಶಂಭುಲಿಂಗಪ್ಪನವರು ಎದ್ದರು. “ನಾನ್ ಯಾಕ್ ಸಾ ಸನ್ನೆ ಮಾಡ್ಲಿ? ಉಳ ಓಡಿಸ್ತಿದ್ದೆ! ಉಳ ನನ್ ಮುಖಕ್ಕೇ ಬರ್ತಿತ್ತು!”

“ಇಲ್ಲ ಸಾ.”

ಯಾರ ದನಿಯೆಂದು ನಮಗೆ ತಕ್ಷಣ ತಿಳಿಯಲಿಲ್ಲ. ಕೇಳಿ ಅಭ್ಯಾಸವಿದ್ದರೆ ತಾನೇ. ರಾಣಿಯವರು ನೆಲದಿಂದ ಕಣ್ಣೆತ್ತಿ ನೇರವಾಗಿ ಅಧಿಕಾರಿಗಳನ್ನು ನೋಡುತ್ತಿದ್ದರು.

“ಉಳ ಅಷ್ಟೊತ್ಗೆ ನನ್ ತಾವ ಬಂದಿತ್ತು. ಮೇಜ್ ಮ್ಯಾಲೆ ಬಿದ್ದು, ನನ್ ಬಳೆ ಮ್ಯಾಲೆ ಅತ್ತಿ ಕೂತಿತ್ತು. ಇವರು ಸನ್ನೆ ಮಾಡ್ತಿದ್ದದ್ದು ಅವಮ್ಮಂಗೆ.” ಗಂಡನ ಹೆಬ್ಬೆರಳಿನ ಪಟ್ಟಿಯ ಕಡೆ ನೋಡಿ, “ನಂಗೂ ಕಚ್ನಿಲ್ಲ ಸಾ,” ಎಂದರು.

ಆಮೇಲೆ ಆ ಕೊಠಡಿಯಲ್ಲಿ ಎದ್ದ ಗದ್ದಲ ತಮ್ಮ ತಿಪ್ಪೆಗೂ ಕೇಳಿಸಿರಬೇಕು. ಚಿರಂತನ ಅವರು ಬರೆದದ್ದನ್ನು ಎರಡಲ್ಲ, ಮೂರು ಸಲ ಓದಿದರು. ಒಂದೇ ವಾರದಲ್ಲಿ ಆದೇಶ ಬಂತು. ಕೈ ಎತ್ತಿದ ಕಾರಣ ಏನೇ ಇರಲಿ, ಎಣಿಕೆ ಮುಗಿಯುವವರೆಗೆ ತಿಳಿದೇ ಎತ್ತಿ ಹಿಡಿದ ಕೈ ಮತವೇ ಸರಿ ಎಂದು. ನನಗೆ ನನ್ನ ಪೆನ್ನು ಮರಳಿ ಸಿಕ್ಕಿತು. ಎರಡು ತಿಂಗಳು ಬಳಸದೆ ಮಸಿ ಒಣಗಿತ್ತು, ಪವಿತ್ರಾ ಉಫ್ ಉಫ್ ಎಂದು ಊದಿ ನನ್ನ ಸೀರೆಯನ್ನೆಲ್ಲ ನೀಲಿ ಮಾಡಿದಳು.

ಯಂತ್ರವನ್ನು ತಿರುಗಿಸಿದವರು ಯಾರು ಎಂಬ ಬಗ್ಗೆ ಊರಿನಲ್ಲಿ ಈಗಲೂ ಜಗಳವಿದೆ, ಏಕೆಂದರೆ ಏಳೆಂಟು ಜನ ಒಟ್ಟಿಗೆ ಕೈ ಹಾಕಿದ್ದರು. ಬೇಡವೆಂದು ಮತ ಹಾಕಿದ್ದವರೇ ಮುಂದಿದ್ದರು. ಮೊದಲು ಅಳೆದದ್ದು ಅಧ್ಯಕ್ಷರ ಮನೆಯ ಹಾಲು. ಕೆಂಪು ಅಂಕಿ ಸ್ವಲ್ಪ ಹೊತ್ತು ಕುಣಿದು, ಮೂರು ಪಾಯಿಂಟ್ ಒಂದಕ್ಕೆ ನಿಂತಿತು. ಯಾರಿಗೂ ನಗುವ ಧೈರ್ಯವಿರಲಿಲ್ಲ. ರಾಣಿಯವರೇ ಮೊದಲು ನಕ್ಕರು, ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಂತೆ. ಆಮೇಲೆ ನಮ್ಮನ್ನು ಹಿಡಿಯುವವರು ಯಾರು?

ಹದಿನಾಲ್ಕನೆಯವರಾಗಿ ಮಾದಮ್ಮನವರು ಹಸುವಿನ ಹಾಲಿನ ಚೊಂಬು ಹಿಡಿದು ಬಂದರು. ಅವರಿಗೆ ಓದು ಬಾರದು. ಕೆಂಪು ಅಂಕಿಯನ್ನು ದಿಟ್ಟಿಸಿ ನೋಡಿ, “ಏನಂತದ ಕೋಮಲವ್ವ?” ಎಂದರು.

“ನಾಲ್ಕು ಪಾಯಿಂಟ್ ಆರು.”

“ಇನ್ನೊಂದ್ ಸಲ ಏಳವ್ವ.”

“ನಾಲ್ಕು ಪಾಯಿಂಟ್ ಆರು, ಮಾದಮ್ಮ.”

ಅವರು ಹಿಂದೆ ನಿಂತಿದ್ದ ಸಾಲಿನ ಕಡೆಗೆ ತಿರುಗಿ, ಬಸ್‌ ಸ್ಟ್ಯಾಂಡಿನವರೆಗೂ ಕೇಳುವಂತೆ, “ನಾಕ್ ಪಾಯಿಂಟ್ ಆರು!” ಎಂದು ತಾವೇ ಕೂಗಿದರು. ಆರು ವರ್ಷ ಆ ಹಸು ಕೊಟ್ಟ ಹಾಲಿಗೆ ನಾನು ಏನೆಂದು ಬರೆದಿದ್ದೆನೆಂದು ಅವರು ಕೇಳಲಿಲ್ಲ. ನಾನೇ ಹೇಳಿದೆ. “ಇರ್ಲಿ ಬುಡು, ನಿನ್ ಕಣ್ಣೂ ಗೋಡೆ ಕಡೆಗಿದ್ವು,” ಎಂದು ಚೊಂಬು ಎತ್ತಿಕೊಂಡು ಹೋದರು.

ಓಣಿಯ ಬೇಲಿ ಇನ್ನೂ ಹಾಗೇ ಇದೆ. ಅದಕ್ಕೆ ಬೇರೆ ಅರ್ಜಿ, ಬೇರೆ ಕಚೇರಿ, ಬಹುಶಃ ಬೇರೆ ಹುಳು. ಕೇಳಿದರೆ ಮಾದಮ್ಮನವರು “ಏರಿ ಮ್ಯಾಲೆ ಹುಲ್ಲು ಚೆನ್ನಾಗದ” ಎನ್ನುತ್ತಾರೆ. ನಾನೀಗ ಬಾಗಿಲ ಮರೆಯಲ್ಲಿ ನಿಲ್ಲುವುದಿಲ್ಲ, ದಾರಿಯಲ್ಲಿ ನಿಂತು ಅವರ ಎಮ್ಮೆಗೆ ಬಾಳೆಹಣ್ಣಿನ ಸಿಪ್ಪೆ ಕೊಡುತ್ತೇನೆ.

ಇಷ್ಟೆಲ್ಲ ಮಾಡಿದ ತಮ್ಮಲ್ಲಿ ನನ್ನ ಕೆಲವು ಸಣ್ಣ ಪ್ರಾರ್ಥನೆಗಳಿವೆ. ತಾವು ಕಚ್ಚುವವರೋ ಅಲ್ಲವೋ ಎಂಬುದನ್ನು ಬೆನ್ನಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿಕೊಂಡರೆ ಮುಂದಿನ ಅಧಿಕಾರಿಗಳ ಅಂಗಿಯ ಇಸ್ತ್ರಿ ಉಳಿಯುತ್ತದೆ. ಸಭೆಗೆ ಬರುವುದೇ ಆದರೆ ಟ್ಯೂಬ್‌ಲೈಟಿಗೆ ಗುದ್ದದೆ ಬಾಗಿಲಿನಿಂದ ನಡೆದು ಬಂದು, ಹಾಜರಿ ಪುಸ್ತಕದಲ್ಲಿ ಆರೂ ಕಾಲಿನ ಸಹಿ ಮಾಡಬೇಕು. ತೆಂಗಿನ ಸುಳಿ ಕೊರೆಯುವ ತಮ್ಮ ಹಳೆಯ ಅಭ್ಯಾಸವನ್ನು, ಮನುಷ್ಯರಿಗೆ ಮಾಡುವ ಒಂದೇ ಹಾನಿ ಅದೇ ಆದ್ದರಿಂದ, ದಯವಿಟ್ಟು ಭಾನುವಾರಕ್ಕೆ ಮಾತ್ರ ಇಟ್ಟುಕೊಳ್ಳಬೇಕು. ಇವು ಯಾವುವೂ ಸಾಧ್ಯವಾಗದಿದ್ದರೆ, ಅರ್ಜಿ ಹಿಡಿದು ಹೋದವರಿಗೆ ಕಚೇರಿಗಳು ಹೇಳುವಂತೆ ‘ಪರಿಶೀಲಿಸಲಾಗುವುದು’ ಎಂದಾದರೂ ಗುಂಯ್‌ಗುಟ್ಟಬೇಕು.

ನೀಲಿ ಮಸಿಯ ಸೀರೆಯಲ್ಲೇ ಕೂತು ಬರೆದ,
ತಮ್ಮ ವಿಶ್ವಾಸಿ,
ಕೋಮಲ
ಕಾರ್ಯದರ್ಶಿ, ಹೊನ್ನೇಕೊಪ್ಪಲು ಮಹಿಳಾ ಹಾಲು ಉತ್ಪಾದಕರ ಸಂಘ

ತಾ.ಕ.: ಶಂಭುಲಿಂಗಪ್ಪನವರು ಉದಾರ ಮನಸ್ಸಿನಿಂದ ಸಂಘದ ಕಿಟಕಿಗಳಿಗೆಲ್ಲ ಸೊಳ್ಳೆಜಾಲರಿ ಹಾಕಿಸಿಕೊಟ್ಟಿದ್ದಾರೆ. ಸದಸ್ಯೆಯರ ಆರೋಗ್ಯದ ಕಾಳಜಿಯಂತೆ. ಜಾಲರಿ ಬಹಳ ಗಟ್ಟಿಯಾಗಿದೆ, ತಾವು ಅದಕ್ಕೆ ಗುದ್ದಿ ಕೊಂಬು ಮುರಿದುಕೊಳ್ಳಬಾರದು. ಅವರು ಕೂರುವ ಕಡೆಯ ಒಂದು ಕಿಟಕಿಗೆ ಮಾತ್ರ, ಗಾಳಿ ಬೇಕೆಂದು, ಹಾಕಿಸಿಲ್ಲ.